ನರಿ ಮುಖ ನೋಡಿದ ಬೆಳಗ್ಗೆ

ರೀ,

ಫೋನನ್ನು ಚಾರ್ಜಿಗೆ ಹಾಕಿ ಇಲ್ಲೇ ಬಿಟ್ಟು ತೋಟಕ್ಕೆ ಹೋಗಿದ್ದೀರಿ, ಅದಕ್ಕೇ ಈ ಚೀಟಿ. ಅತ್ತೆಗೆ ನರಿ ಕಚ್ಚಿದೆ. ತಿಪಟೂರು ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೇನೆ.

ಹಾಡಹಗಲೇ ಕೊಬ್ಬರಿ ಶೆಡ್ಡಿನ ಮುಂದೆ ಜೊಲ್ಲು ಸುರಿಸಿಕೊಂಡು ನಿಂತಿತ್ತು. ನಾನು ಕೋಲು ಎತ್ತಿದರೆ ಅತ್ತೆ, "ಸುಮ್ಕಿರೇ ಸೌಮ್ಯ, ನರಿ ಮುಖ ನೋಡಿದ್ರೆ ಒಳ್ಳೇದಾಯ್ತದೆ ಕಣೇ" ಅಂತ ತಡೆದು, ಕೈ ಮುಗಿದುಕೊಂಡು ಹತ್ತಿರ ಹೋದರು. ಆ ಮುಗಿದ ಕೈಯನ್ನೇ ಕಚ್ಚಿತು.

ಕಾಲು ಗಂಟೆ ಸೋಪು ಹಾಕಿ ನಲ್ಲಿಯಡಿ ತೊಳೆದೆ. ಅರಿಶಿನ ಸುಣ್ಣ ಹಚ್ಚು ಅಂತ ಒಂದೇ ಹಟ. ಹಚ್ಚಲಿಲ್ಲ. ಮಂತ್ರ ಹಾಕಿಸಿ ಅಂತ ಯಾರಾದರೂ ಬಂದರೆ ನೀವೂ ಹೂಂ ಅನ್ನಬೇಡಿ.

ನರಿ ತೋಟದ ಕಡೆಗೇ ಹೋಗಿದೆ. ಹುಡುಕಲು ಹೋಗಬೇಡಿ, ಫಾರೆಸ್ಟ್‌ನವರಿಗೆ ಫೋನ್ ಮಾಡಿ. ನಮ್ಮ ನಾಯಿ ಅದರ ಜೊತೆ ಕಚ್ಚಾಡಿದೆ. ಅದನ್ನು ತೆಂಗಿನ ಮಟ್ಟೆ ತುಂಬುವ ಕೋಣೆಯಲ್ಲಿ ಕೂಡಿಹಾಕಿದ್ದೇನೆ. ಮುದ್ದಿಸಲು ಬಾಗಿಲು ತೆಗೆಯಬೇಡಿ, ದನದ ಡಾಕ್ಟರನ್ನು ಕರೆಸಿ.

ಸಾರು ಇದೆ, ಮುದ್ದೆ ನೀವೇ ತಿರುವಿಕೊಳ್ಳಿ. ಇದು ಒಂದು ಸೂಜಿಗೆ ಮುಗಿಯುವುದಿಲ್ಲ, ಆಸ್ಪತ್ರೆಯವರು ಹೇಳಿದ ದಿನಕ್ಕೆಲ್ಲಾ ಹೋಗಬೇಕು. ಮುಂದಿನ ಸಲ ಕರೆದುಕೊಂಡು ಹೋಗುವವರು ನೀವು. ನನಗೆ ಸಾಕಾಗಿದೆ.

ಇನ್ನೊಂದು. ಅತ್ತೆಯ ಕೈ ಬಿಡಿಸಲು ಹೋದಾಗ ನನ್ನ ಮೊಣಕೈಗೂ ನರಿಯ ಹಲ್ಲು ತಾಗಿದೆ. ತೊಳೆದುಕೊಂಡೆ. ಗೊತ್ತಾದರೆ ಅತ್ತೆ, ತಮ್ಮಿಂದಲೇ ಆಯಿತು ಅಂತ ಊಟ ಬಿಡುತ್ತಾರೆ, ಅದಕ್ಕೇ ಹೇಳಿಲ್ಲ. ಆಸ್ಪತ್ರೆಯಲ್ಲಿ ಇಬ್ಬರ ಹೆಸರು ಬರೆಸಬೇಕು. ಎರಡನೆಯ ಸೂಜಿ ಯಾರಿಗೆ ಅಂತ ಅತ್ತೆ ಕೇಳಿದರೆ ಏನು ಹೇಳಲಿ ಅಂತ ಬಸ್ಸಿನಲ್ಲಿ ಯೋಚಿಸುತ್ತೇನೆ.

ಸೌಮ್ಯ