ಅತ್ತೆ ಮುಗಿಸಿದ ಸ್ಟೂಲುಗಳು

ಭಾನುವಾರ, ೮ ಫೆಬ್ರುವರಿ

ನಾಲ್ಕನೇ ಸ್ಟೂಲೂ ಆಯಿತು. ಕಾಲಿಗೆ ಗೇಣುದ್ದ ಮಾತ್ರ ನೀಲಿ, ಡಬ್ಬಿಯಲ್ಲಿ ಅದ್ದಿ ತೆಗೆದ ಹಾಗೆ. ಮೇಲೆಲ್ಲ ಬರೀ ಕಟ್ಟಿಗೆ. ಈಗ ಇದೇ ಫ್ಯಾಶನ್. ಪಕ್ಕದ ಮನೆಯ ಸೋನಾಲಿ ಮೊಬೈಲಿನಲ್ಲಿ ನೋಡಿ ಕೇಳಿದ್ದಳು, ತನ್ನ ಹೊಲಿಗೆ ಕ್ಲಾಸಿಗೆ. ಬುಧವಾರ ಶುರುವಂತೆ. ಅಂಟಿಸಿದ್ದ ಟೇಪು ಬಿಚ್ಚಿದಾಗ ಬಣ್ಣದ ಗೆರೆ ನೇರ ಬಂದಿತ್ತು... ಎಂಥ ಸುಖ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಯಾದಗಿರಿಯಿಂದ ಈ ಮರಾಠಿ ಊರಿಗೆ ಬಂದಾಗಿನಿಂದ ಮಾತೇ ಕಡಿಮೆ.

"ಬಣ್ಣ ಸಾಲಲಿಲ್ಲೇನವ್ವಾ?"

"ಇಲ್ರೀ ಅತ್ತಿ, ಇದು ಇಷ್ಟೇ ಇರೋದು."

ಹ್ಞೂಂ ಅಂದರು. ನಂಬಲಿಲ್ಲ.

ಮಂಗಳವಾರ, ರಾತ್ರಿ

ಶಿವಾಜಿನಗರದಿಂದ ಬಸ್ಸು ತಡ. ಆಫೀಸಿನ ದಣಿವು. ಬಾಗಿಲು ತೆಗೆದರೆ — ನಾಲ್ಕೂ ಸ್ಟೂಲು ಅಡಿಯಿಂದ ಮುಡಿಯವರೆಗೆ ನೀಲಿ. ಅತ್ತೆಯ ಬಳೆ ನೀಲಿ, ಹಣೆ ನೀಲಿ.

"ಡಬ್ಬ್ಯಾಗ ಬಣ್ಣ ಭಾಳ ಉಳಿದಿತ್ತು. ನಿನಗ ಪುರಸೊತ್ತಿಲ್ಲಂತ ನಾನೇ ಮುಗಿಸೀನಿ. ನೋಡು."

ಸಿಟ್ಟು ಬಾಯಿಯವರೆಗೆ ಬಂತು. ನಾಳೆ ಕ್ಲಾಸು. ಆದರೆ ಆ ಮುಖ... ಬಂದ ದಿನದಿಂದ ಏನು ಮಾಡಲು ಹೋದರೂ "ನೀವು ಕೂಡ್ರಿ ಅತ್ತಿ" ಅಂದವಳು ನಾನೇ. ಮರ್ಯಾದೆ ಅಂದುಕೊಂಡಿದ್ದೆ. ಪಾಪ, ಕೂತು ಕೂತು ಬೇಸತ್ತಿದ್ದರು.

"ಚೆಂದ ಆಗ್ಯಾವ್ರಿ" ಅಂದೆ.

ಇವರು ರಾಂಜಣಗಾಂವದ ಫ್ಯಾಕ್ಟರಿಯಿಂದ ಬಂದವರೇ ನಗಲು ಶುರು. ಕಣ್ಣಲ್ಲೇ ಗದರಿಸಿದೆ.

ಬುಧವಾರ, ಬೆಳಿಗ್ಗೆ

ಸೋನಾಲಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಖ ಸಣ್ಣದಾಯಿತು. ಆಮೇಲೆ ಅತ್ತೆಯ ನೀಲಿ ಹಣೆ ನೋಡಿ ನಕ್ಕಳು. ಹುಡುಗಿಯರು ಕೂರಲು ಇವೇ ಇರಲಿ, ತನ್ನ ಕುರ್ಚಿ ಮಾತ್ರ ಅದ್ದಿ ತೆಗೆದ ಹಾಗೇ ಬೇಕು ಅಂದಳು, ಮರಾಠಿಯಲ್ಲಿ. ಅತ್ತೆಗೆ ತಿಳಿದದ್ದು "ಛಾನ್", ಅಂದರೆ ಚೆಂದ, ಅನ್ನೋದೊಂದೇ. ಅಷ್ಟಕ್ಕೇ ಖುಷಿ.

ಭಾನುವಾರ, ೧೫, ಬೆಳಿಗ್ಗೆ

ಸೋನಾಲಿಯ ಕುರ್ಚಿ. ಟೇಪು ನಾನು ಹಚ್ಚಿದೆ. ಬ್ರಶ್ಶು ಅತ್ತೆಯ ಕೈಗೆ ಕೊಟ್ಟೆ.

"ಇಲ್ಲಿಗೇ ನಿಲ್ಲಸಲೇನು?"

"ಹೌದ್ರಿ, ಇಲ್ಲಿಗೇ."

"ಅರ್ಧಾ ಲಂಗಾ ಉಟ್ಟಂಗ ಕಾಣತದ."

ಇಬ್ಬರೂ ನಕ್ಕೆವು. ಬಣ್ಣ ಹಚ್ಚುತ್ತ ಅತ್ತೆ ತಮ್ಮ ಮದುವೆಯ ಕಥೆ ತೆಗೆದರು. ಮಾವ ಹಂದರದಲ್ಲಿ ನಿದ್ದೆ ಹೋಗಿದ್ದರಂತೆ. ಇವರಿಗೂ ಗೊತ್ತಿರದ ಸಂಗತಿ.

ನಾಳೆ ಅತ್ತೆ ಊರಿಗೆ ಹೊರಡಬೇಕು. ಇವರು ಟಿಕೆಟ್ ತೆಗೆಸಿಟ್ಟಿದ್ದಾರೆ. ಚೀಲ ತುಂಬಲೇ ಅಂತ ಕೇಳಿದೆ. ಅತ್ತೆ ಕುರ್ಚಿಯ ಕಾಲಿನಿಂದ ಕಣ್ಣು ತೆಗೆಯಲಿಲ್ಲ.

"ಮನೋಹರಗ ಹೇಳು, ಟಿಕೀಟು ಕ್ಯಾನ್ಸಲ್ ಮಾಡ್ಲಿ. ಎರಡನೇ ಕೋಟು ಯಾರು ಹಚ್ಚೋರು?"

ಇವರು ಇನ್ನೂ ಮಲಗಿದ್ದಾರೆ. ಎಬ್ಬಿಸಿ ಹೇಳಬೇಕು.