ಮೂರು ತಿಂಗಳ ಕೂಸಿನ ಆಟಿಕೆ

ಮೆಟ್ರಿ
೧೨-೧-೨೦೨೫

ಪ್ರೀತಿಯ ತಂಗಿ ಪೂಜಿತಾಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಆರಾಮ. ಕುರೆಕುಪ್ಪದಲ್ಲಿ ನೀವೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ಭತ್ತದ ನಾಟಿ ನಡೆದಿತ್ತು, ಆಳುಗಳಿಗೆ ಬುತ್ತಿ ಕಟ್ಟುವುದರಲ್ಲೇ ಹೊತ್ತು ಹೋಯಿತು. ಫೋನ್ ಇರುವಾಗ ಕಾಗದ ಯಾಕೆ ಎಂದು ನಿನ್ನ ಭಾವ ನಗುತ್ತಾರೆ. ಫೋನಿನಲ್ಲಿ ನೀನು ಅಳುತ್ತೀ, ನಾನು ಇಟ್ಟುಬಿಡುತ್ತೇನೆ. ಕಾಗದವೇ ವಾಸಿ.

ಬಸ್ಸಿನಲ್ಲಿ ನೀನು ಮೊನ್ನೆ ಕಳಿಸಿದ ಪಾರ್ಸಲ್ ಮುಟ್ಟಿತು. ಗಿಲಕಿ, ತೊಟ್ಟಿಲಿಗೆ ಕಟ್ಟುವ ಬಣ್ಣದ ಗಿಳಿಗಳು. ದೀಪಾವಳಿಗೆ ನಿನ್ನ ಹಳೇ ಹಸಿರು ಸೀರೆಯಲ್ಲಿ ಹೊಲಿದು ಕಳಿಸಿದ್ದ ಗೊಂಬೆಯೂ ಇದೆ. ಆದರೆ ಪೂಜಿ, ನಾಗು ಈಗ ತೊಟ್ಟಿಲಲ್ಲಿ ಮಲಗಿ ಗಿಳಿ ನೋಡುವ ಪೈಕಿಯಲ್ಲ. ಹನ್ನೊಂದು ತಿಂಗಳಾಯಿತು. ಗಿಲಕಿಯನ್ನು ಅತ್ತೆಯ ಕಡೆಗೆ ಎಸೆದು, ಬಿದ್ದ ಸದ್ದಿಗೆ ನಗುತ್ತಾಳೆ. ಮೂರು ತಿಂಗಳ ಕೂಸನ್ನು ನನ್ನ ಉಡಿಗೆ ಹಾಕಿ ಹೋದ ನೀನು ಇವತ್ತಿಗೂ ಆ ಕೂಸಿಗೇ ಆಟಿಕೆ ಕೊಳ್ಳುತ್ತಿದ್ದೀ.

ತಪ್ಪು ನಿನ್ನದಲ್ಲ. ಮಕ್ಕಳಿಲ್ಲದ ನನಗೆ ನಿನ್ನ ಮೂರನೆಯದನ್ನು ಕೊಟ್ಟಾಗ ನಮ್ಮತ್ತೆ ವಿರುಪಮ್ಮ ಹಾಕಿದ ಕಟ್ಟಳೆ ಅದು. ವರ್ಷ ತುಂಬುವ ತನಕ ಹೆತ್ತವಳು ಮುಖ ತೋರಿಸಿದರೆ ಕೂಸು ಈ ಮನೆಗೆ ಹೊಂದಿಕೊಳ್ಳುವುದಿಲ್ಲ ಎಂದರು. ನೀನೂ ಒಪ್ಪಿದೆ, ನಾನೂ ಒಪ್ಪಿದೆ.

ಈಗಿನ ಆಟ ಹೇಳುತ್ತೇನೆ ಕೇಳು. ಸ್ಟೀಲ್ ಬಟ್ಟಲು, ಸೌಟು ಕೊಟ್ಟರೆ ಮನೆಯೆಲ್ಲ ಬಾಜಾಬಜಂತ್ರಿ. ಡಬ್ಬಿಗೆ ಈರುಳ್ಳಿ ತುಂಬುವುದು, ಸುರಿಯುವುದು, ಮತ್ತೆ ತುಂಬುವುದು. ನಿನ್ನ ಭಾವ ಕಂಪ್ಲಿಯಿಂದ ಗಾಲಿ ವಾಕರ್ ತರಲು ಹೊರಟಿದ್ದರು. ಅಂಗನವಾಡಿಯ ಸುಧಾರಾಣಿ ಟೀಚರ್ ಬೇಡವೆಂದರು, ಮಕ್ಕಳು ಅದರ ಸಮೇತ ಉರುಳುತ್ತವಂತೆ. ಬಡಿಗೇರರಿಗೆ ಹೇಳಿ ತಳ್ಳಿಕೊಂಡು ನಡೆಯುವ ಮರದ ಬಂಡಿ ಮಾಡಿಸಿದ್ದೇವೆ. ಬಾಯಿಗೆ ಹೋಗುವಷ್ಟು ಸಣ್ಣ ಸಾಮಾನು ಏನೂ ಕೊಡಬಾರದು, ಆದ್ದರಿಂದ ನೀನು ಹಿಂದೆ ಕಳಿಸಿದ ಮಣಿಸರ ಎತ್ತಿಟ್ಟಿದ್ದೇನೆ.

ಇನ್ನೊಂದು ಆಟವನ್ನು ಟೀಚರೇ ಕಲಿಸಿದರು. ಅವಳ ಕಣ್ಣೆದುರೇ ಬಟ್ಟಲಿನ ಮೇಲೆ ಟವೆಲ್ ಮುಚ್ಚುವುದು. ಎಳೆದು ಹುಡುಕುತ್ತಾಳೆ! ಆವಾಗ ಟೀಚರ್ ಹೇಳಿದ್ದು ನನ್ನ ತಲೆಯಿಂದ ಹೋಗಿಲ್ಲ. "ಮೊದಲು ಕಣ್ಣಿಗೆ ಕಾಣಲಿಲ್ಲಂದ್ರ ಅದು ಇಲ್ಲವೇ ಇಲ್ಲ ಅಂತ ತಿಳೀತಿತ್ತು ಕೂಸು. ಈಗ ಎಲ್ಲೋ ಐತಿ ಅಂತ ಗೊತ್ತಾಗೈತ್ರಿ."

ಫೆಬ್ರವರಿಯಲ್ಲಿ ಹುಟ್ಟುಹಬ್ಬಕ್ಕೆ ಬರಲೇ ಎಂದು ಕೇಳಿದ್ದೀ. ಅತ್ತೆ ಈಗ ಹೊಸ ರಾಗ ತೆಗೆದಿದ್ದಾರೆ. "ನಡೆಯೂದು ಕಲೀಲಿ, ಆಮ್ಯಾಲ ಬರಲಿ. ಈಗ ಬ್ಯಾಡ," ಎಂದರು. ನಿನ್ನ ಭಾವ ನನಗೇ ಬಿಟ್ಟಿದ್ದಾರೆ. ಅತ್ತೆಗೆ ನಾನಿನ್ನೂ ಏನೂ ಹೇಳಿಲ್ಲ.

ನಿನ್ನ ಗಂಡು ಹುಡುಗರಿಗೆ ದೊಡ್ಡಮ್ಮನ ಮುದ್ದು. ನಿನ್ನ ಮನೆಯವರಿಗೆ ಶರಣು ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಸೊರಗಬೇಡ. ಬಸವಣ್ಣ ನಿನ್ನ ಮನೆ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ
ಸೌಜನ್ಯ

ಮರೆತಿದ್ದೆ: ನಾಗುಗೆ ಯಾವ ಆಟಿಕೆ ಹೆಚ್ಚು ಇಷ್ಟ ಎಂದು ಕೇಳಿದ್ದೆಯಲ್ಲ. ಮರೆತಿದ್ದೆ ಎನ್ನುವುದು ಸುಳ್ಳು, ಬರೆಯಲು ಮನಸ್ಸಾಗಿರಲಿಲ್ಲ. ನಿನ್ನ ಸೀರೆಯ ಗೊಂಬೆ. ಅದನ್ನು ಮುಖಕ್ಕೆ ಒತ್ತಿಕೊಳ್ಳದೆ ಮಲಗುವುದಿಲ್ಲ. ಹೋದ ವಾರ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ, ಆಟಕ್ಕಲ್ಲ, ಅವಳು ಅದನ್ನು ಮರೆಯಲಿ ಎಂದು. ನಾನು ಎತ್ತಿಕೊಂಡರೂ ಜಾರಿ ಇಳಿದು, ಅಂಬೆಗಾಲಿಡುತ್ತ ಹೋಗಿ ಟ್ರಂಕು ಬಡಿದು ಅತ್ತಳು. ತೆಗೆದು ಕೊಟ್ಟೆ. ನೀನು ಬಂದರೆ ಅವಳು ನನ್ನ ಕಡೆ ತಿರುಗಿಯೂ ನೋಡುವುದಿಲ್ಲವೇನೋ ಎಂದು ನನಗೆ ಹೆದರಿಕೆ, ಪೂಜಿ. ಆದರೂ ಹುಟ್ಟುಹಬ್ಬಕ್ಕೆ ಬಾ, ಅತ್ತೆಗೆ ನಾನು ಹೇಳಿಕೊಳ್ಳುತ್ತೇನೆ. ಎತ್ತಿಕೊಂಡು ಬೇಕಾದಷ್ಟು ಹೊತ್ತು ಆಡಿಸು. ಹೊರಡುವಾಗ ಅವಳನ್ನು ನೆಲಕ್ಕೆ ಬಿಡಬೇಡ, ನನ್ನ ಕೈಗೇ ಕೊಡು.