ಮನೆಯವರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ?

ಮನೆಯಿಂದ,
ಗುರುವಾರ, ಬೆಳಿಗ್ಗೆ

ಪ್ರೀತಿಯ ಅತ್ತಿಗೆ,

ನಿಮ್ಮ ಅಮ್ಮ ಗೋಡೆ ಹಿಡಿದಾದರೂ ನಡೆಯುತ್ತಿದ್ದಾರಾ? ಕಾಲಿನ ಊತ ಇಳಿದಿದೆಯಾ? ನೀವು ಕೂತು ಊಟ ಮಾಡುತ್ತಿದ್ದೀರಾ, ಇಲ್ಲ ಅಲ್ಲೂ ಎಲ್ಲರದ್ದಾದ ಮೇಲೆ ನಿಂತುಕೊಂಡೇ ತಿನ್ನುತ್ತೀರಾ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಂದರೆ, ಯಾರಿಗೂ ಜ್ವರ ಇಲ್ಲ.

ನನ್ನ ಕೆಲಸ ಗೊತ್ತಲ್ಲ, ಪ್ರೆಸ್ಸಿನ ಮೂಲೆಯಲ್ಲಿ ಕೂತು ಶುಭಾಶಯದ ಕಾರ್ಡುಗಳಿಗೆ ಸಾಲು ಬರೆಯುವುದು. ಈ ವಾರ ಕೃತಜ್ಞತೆಯ ಸರದಿ. ದಿನವೂ ಕೃತಜ್ಞತೆ ಹೇಳುವವರ ಬದುಕು ಹಗುರ ಎಂದು ಬರೆದೆ. ಮಾಲೀಕರು "ಮನಸ್ಸಿಗೆ ತಟ್ಟುತ್ತೆ ಕಣಮ್ಮಾ" ಎಂದರು. ನನಗೆ ತಲೆ ಎತ್ತಲಾಗಲಿಲ್ಲ. ನೀವು ತವರಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಿರಿ. ಆಗ ನಾನು ಕೇಳಿದ್ದು, "ಅತ್ತಿಗೆ, ನನ್ನ ನೀಲಿ ಅಂಗಿ ಇಸ್ತ್ರಿ ಆಗಿದ್ಯಾ?"

ಮೊನ್ನೆ ಧೈರ್ಯ ಮಾಡಿ, ಅಮ್ಮ ಚಹಾ ಕೊಟ್ಟಾಗ "ಥ್ಯಾಂಕ್ಸ್ ಅಮ್ಮಾ" ಅಂದೆ. ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು. "ಮನೆಯವರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ? ನಾನೇನು ಹೋಟೆಲ್ ಇಟ್ಕೊಂಡಿದ್ದೀನಾ?" ಆದರೆ ಆಮೇಲೆ ಒಲೆಯ ಮುಂದೆ ಏನೋ ಗುನುಗುತ್ತಿದ್ದಳು. ರಾತ್ರಿ ಊಟಕ್ಕೆ ಕೂತಾಗ ಅಣ್ಣನೂ ತಮಾಷೆಗೆ ಅಂದ. ಈಗ ಅದೇ ಆಟವಾಗಿದೆ. ನೀರಿನ ಲೋಟ ದಾಟಿಸಿದರೂ ಥ್ಯಾಂಕ್ಸ್, ಆಮೇಲೆ ನಗು. ಎಷ್ಟೋ ದಿನದ ಮೇಲೆ ಈ ಮನೆ ನಗುತ್ತಿದೆ. ನಗುತ್ತಲೇ ನೀವು ನಿಂತು ಬಡಿಸುತ್ತಿದ್ದ ಜಾಗ ಕಣ್ಣಿಗೆ ಬೀಳುತ್ತದೆ.

ಇದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ. ನೀವು ಅರ್ಜಿ ಹಾಕಿದ್ದ ಹೊಲಿಗೆ ಶಾಲೆಯಿಂದ ನಿನ್ನೆ ಮನೆಗೆ ಫೋನ್ ಬಂದಿತ್ತು. ಟೀಚರ್ ಕೆಲಸ ನಿಮಗೇ ಅಂತೆ, ಬೆಳಿಗ್ಗೆಯಿಂದ ಸಂಜೆಯವರೆಗೆ. ಬೇಗ ಉತ್ತರ ಬೇಕಂತೆ. ಅಮ್ಮ "ಸದ್ಯ ಅವಳಿಗೆ ಹೇಳ್ಬೇಡ. ಅವಳೂ ಕೆಲಸಕ್ಕೆ ಹೊರಟ್ರೆ ಅಡುಗೆಮನೆ ಯಾರು ನೋಡೋದು?" ಅಂದಳು. ನಾನು ತಲೆಯಾಡಿಸಿದೆ. ನಿಮ್ಮ ಖಾಲಿ ಜಾಗ ನೋಡಿ ಕೊರಗುವವಳೇ, ಅತ್ತಿಗೆ, ತಲೆಯಾಡಿಸಿದ್ದು.

ಕಾರ್ಡಿಗೆ ಸಲೀಸಾಗಿ ಬರುವ ಪದ ನಿಮಗೆ ಬರೆಯುವಾಗ ಕೈಗೆ ಬರುತ್ತಿಲ್ಲ. ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನೀವೂ ಸ್ವಲ್ಪ ಮಲಗಿ.

ನಿಮ್ಮ ನಾದಿನಿ,
ಗುಬ್ಬಿ

ತಾ.ಕ.: ಇದು ಮರೆತದ್ದಲ್ಲ, ಈಗಷ್ಟೇ ಮಾಡಿದ್ದು. ಈ ಕಾಗದ ತರುವ ಅಣ್ಣ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾನೆ. ಶಾಲೆಗೆ ಫೋನ್ ಮಾಡಿ ನಿಮ್ಮ ಅಲ್ಲಿಯ ನಂಬರ್ ಕೊಟ್ಟೆ. ನಾಳೆ ಬೆಳಿಗ್ಗೆ ನಿಮಗೇ ಫೋನ್ ಮಾಡುತ್ತಾರೆ. ಅಮ್ಮ ಹಿಂದೆಯೇ ನಿಂತು ಕೇಳಿಸಿಕೊಂಡಳು. "ಹಾಗಾದ್ರೆ ಬೆಳಗಿನ ಅಡುಗೆ ಯಾರದು?" ಅಂದಳು. ನನ್ನದು ಅಂದೆ. ಮನಸ್ಸಿಲ್ಲದಿದ್ದರೆ ಬೇಡ ಅನ್ನಿ ಅತ್ತಿಗೆ, ನಮ್ಮ ಊಟಕ್ಕೋಸ್ಕರ ಮಾತ್ರ ಬೇಡ ಅನ್ನಬೇಡಿ.